ಮಕ್ಕಳಿಗೆ ರಕ್ತ ತೆಗೆಯುವಾಗ ಹಾಡು, ತಾಳ: ಸಿಸ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವ ಸಿಸ್ಟರ್ ಒಬ್ಬರು ಇವತ್ತು ನಮ್ಮ ಗುಂಪಿನಲ್ಲಿದ್ದಾರೆ. ರಕ್ತ ತೆಗೆಯುವಾಗ ಮಕ್ಕಳ ಕೈಗೆ ತಾಳ, ಗಿಲಕಿ ಕೊಟ್ಟು, ಹಾಡಿಸಿ, ನೋವು ಕಡಿಮೆ ಮಾಡೋದು ಹೇಗೆ ಅಂತ ಕೇಳಬಹುದು. ಡ್ಯೂಟಿ ಮಧ್ಯೆ ಉತ್ತರ ಕೊಡ್ತಾರೆ. ತಡವಾದರೆ ಬೇಸರ ಮಾಡ್ಕೋಬೇಡಿ. ಫಾರ್ವರ್ಡ್ ಮೆಸೇಜ್ ಹಾಕಬೇಡಿ.

ಭದ್ರಾವತಿ ಅಮ್ಮ: ಸಿಸ್ಟರ್, ಮಗನಿಗೆ 4 ವರ್ಷ. ಹೋದ ತಿಂಗಳು ಡೆಂಗಿ ಟೆಸ್ಟಿಗೆ ರಕ್ತ ತೆಗೆಸಿದ್ವಿ. ಫೋನಿನಲ್ಲಿ ಅವನಿಷ್ಟದ ಹಾಡು ಹಾಕಿದ್ದೆ. ಸೂಜಿ ನೋಡಿದ ಕೂಡಲೇ ಫೋನ್ ಎಸೆದುಬಿಟ್ಟ. ಸಂಗೀತದಿಂದ ನಿಜವಾಗಿ ಉಪಯೋಗ ಇದೆಯಾ?

ಸಿಸ್ಟರ್: ಇದೆ. ಆದರೆ ಹಾಡು ಹಾಕೋದು ಬೇರೆ, ಮಗುವೇ ಹಾಡೋದು ಬೇರೆ. ಫೋನಿನ ಹಾಡು ಅದರಷ್ಟಕ್ಕೆ ಓಡ್ತಿರುತ್ತೆ, ಮಗುವಿನ ಗಮನ ಪೂರ್ತಿ ಸೂಜಿ ಮೇಲೇ ಇರುತ್ತೆ. ಕೈಗೆ ಗಿಲಕಿ ಕೊಟ್ಟು "ನಾನು ಹಾಡ್ತೀನಿ, ನೀನು ತಾಳ ತಪ್ಪಿಸಬಾರದು" ಅಂದರೆ ಆಗ ಮಗುವಿಗೆ ಒಂದು ಕೆಲಸ ಬರುತ್ತೆ. ನೋವು ಬರೀ ಚರ್ಮದಲ್ಲಿ ಆಗೋದಲ್ಲ. ಎಷ್ಟು ನೋವು ಅಂತ ತೀರ್ಮಾನ ಆಗೋದು ಮಿದುಳಿನಲ್ಲಿ. ಭಯ ಅದನ್ನ ಹೆಚ್ಚು ಮಾಡುತ್ತೆ, ಬೇರೆ ಕೆಲಸದಲ್ಲಿ ಮುಳುಗಿದ್ದರೆ ಕಡಿಮೆ ಆಗುತ್ತೆ. ಇಟಲಿಯ ಫ್ಲಾರೆನ್ಸ್‌ನ ಮಕ್ಕಳ ಆಸ್ಪತ್ರೆಯಲ್ಲಿ 4ರಿಂದ 13 ವರ್ಷದ 108 ಮಕ್ಕಳ ಮೇಲೆ ಇದನ್ನ ನೋಡಿದ್ದಾರೆ. 2007ರಲ್ಲಿ ಪ್ರಕಟವಾಗಿದೆ. ಅರ್ಧ ಮಕ್ಕಳ ಜೊತೆ ಸಂಗೀತಗಾರರು ಕೂತು, ಕಾಯುವ ಕೋಣೆಯಿಂದಲೇ ಅವರನ್ನ ಸೇರಿಸಿಕೊಂಡು ನುಡಿಸಿದರು. ಉಳಿದವರ ಜೊತೆ ಅಪ್ಪ ಅಮ್ಮ ಮಾತ್ರ ಇದ್ದರು. ಸಂಗೀತ ಇದ್ದ ಮಕ್ಕಳಲ್ಲಿ ಸಂಕಟವೂ ಕಡಿಮೆ, ನೋವೂ ಕಡಿಮೆ. ಇಲ್ಲಿ ಮುಖ್ಯ ಕಾಯುವ ಕೋಣೆ. ಸೂಜಿ ಕಂಡ ಮೇಲೆ ಹಾಡು ಶುರು ಮಾಡಿದರೆ ತಡವಾಯ್ತು.

ಶಿಕಾರಿಪುರ ಅಪ್ಪ: ಮೇಡಂ, ಯೂಟ್ಯೂಬಿನಲ್ಲಿ ಯಾವ ಹಾಡು ಒಳ್ಳೇದು? ಲಿಂಕ್ ಕಳಿಸಿ.

ಸಿಸ್ಟರ್: ಲಿಂಕ್ ಬೇಡ. ಮಗುವಿಗೆ ಬಾಯಿಪಾಠ ಬರೋ ಯಾವ ಹಾಡಾದರೂ ಸರಿ.

ಕೊಪ್ಪದ ಬಾಣಂತಿ: ಅಕ್ಕ, ನನ್ನ ಪಾಪುಗೆ 2 ತಿಂಗಳು. ಥೈರಾಯ್ಡ್ ಟೆಸ್ಟ್ ಇದೆ. ಅವಳಿಗೆ ಹಾಡು ಗೊತ್ತಾಗುತ್ತಾ?

ಸಿಸ್ಟರ್: ನಿಮ್ಮ ದನಿ ಗೊತ್ತಾಗುತ್ತೆ. ಆದರೆ ಈ ವಯಸ್ಸಿಗೆ ಎಲ್ಲಕ್ಕಿಂತ ಒಳ್ಳೇದು ಎದೆಹಾಲು. ಸೂಜಿಗೆ ಮೊದಲೇ ಕುಡಿಸಲು ಶುರು ಮಾಡಿ, ಚುಚ್ಚುವಾಗಲೂ ಕುಡೀತಾ ಇರಲಿ. "ಹಾಲು ಕುಡಿಸ್ತಾ ತೆಗೀರಿ" ಅಂತ ಕೇಳೋಕೆ ಸಂಕೋಚ ಬೇಡ. ಜೊತೆಗೆ ಜೋಗುಳ ಹಾಡಿ.

ಹೊಸನಗರ ಚಿಕ್ಕಮ್ಮ: ಪಾಪುಗೆ ನಾಲಿಗೆಗೆ ಸ್ವಲ್ಪ ಜೇನುತುಪ್ಪ ಹಚ್ಚಿದರೆ ಅಳೋದೇ ಇಲ್ಲ. ನಮ್ಮ ಕಡೆ ಎಲ್ಲರೂ ಮಾಡ್ತಾರೆ. ಕಾಡಿನ ಶುದ್ಧ ಜೇನು.

ಸಿಸ್ಟರ್: ಒಂದು ವರ್ಷದ ಒಳಗಿನ ಮಗುವಿಗೆ ಜೇನು ಕೊಡಲೇಬಾರದು. ಕಾಡಿನದ್ದಾದರೂ ಅಷ್ಟೇ, ಅಂಗಡಿಯದ್ದಾದರೂ ಅಷ್ಟೇ. ಅದರಲ್ಲಿ ಬಾಟುಲಿಸಂ ಅನ್ನೋ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ಮಗುವಿನ ಸ್ನಾಯುಗಳು ಸೋತು ಉಸಿರಾಟಕ್ಕೇ ತೊಂದರೆ ಆಗುತ್ತೆ. ದಯವಿಟ್ಟು ಬೇಡ.

ಸಾಗರ ಸೀಮೆ ಅಮ್ಮ: ಸಿಸ್ಟರ್, ನನ್ನದು ಸ್ವಲ್ಪ ಉದ್ದ ಇದೆ. ಮಗಳಿಗೆ 6 ವರ್ಷ, ಥಲಸ್ಸೀಮಿಯಾ ಅನ್ನೋ ರಕ್ತದ ಕಾಯಿಲೆ. ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಮೊದಲು, ಹಾಕೋ ರಕ್ತ ಹೊಂದುತ್ತಾ ಅಂತ ನೋಡೋ ಮ್ಯಾಚಿಂಗ್‌ಗೆ ಅಂತ ರಕ್ತ ತೆಗೀತಾರೆ. ಆಮೇಲೆ ಕ್ಯಾನುಲಾ (ರಕ್ತ ಹೋಗೋ ಸಣ್ಣ ಕೊಳವೆ) ಹಾಕಲು ಮತ್ತೆ ಚುಚ್ಚುತ್ತಾರೆ. ಹೋದ ಸಲ ನಾಲ್ಕು ಜನ ಸೇರಿ ಹಿಡಿದುಕೊಂಡರು. ಈಗ ಬಸ್ಸು ಆಸ್ಪತ್ರೆ ರಸ್ತೆಗೆ ತಿರುಗಿದರೆ ಸಾಕು, ವಾಂತಿ ಮಾಡ್ಕೊಳ್ತಾಳೆ. ಅವಳಿಗೆ ಯಕ್ಷಗಾನ ಅಂದ್ರೆ ಪ್ರಾಣ. ಆಟ ನೋಡಿ ಬಂದರೆ ಒಂದು ವಾರ ಮನೆಯ ಡಬ್ಬಗಳೆಲ್ಲ ಚಂಡೆ. ಇದರಿಂದ ಏನಾದರೂ ಆಗುತ್ತಾ? ಮುಂದಿನ ವಾರ ಮತ್ತೆ ಹೋಗಬೇಕು.

ತೀರ್ಥಹಳ್ಳಿ ಅಜ್ಜ: ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲಮ್ಮ. ಗಟ್ಟಿ ಹಿಡ್ಕೊಂಡು ಚುಚ್ಚಿಸ್ತಿದ್ವಿ, ಮುಗೀತಿತ್ತು. ಮಕ್ಕಳಿಗೆ ಜಾಸ್ತಿ ಮುದ್ದು ಮಾಡಿದರೆ ಹೀಗೇ.

ರಿಪ್ಪನ್‌ಪೇಟೆ ಅಪ್ಪ: ಅಜ್ಜ, ಆ ಮಗುವಿಗೆ ತಿಂಗಳು ತಿಂಗಳೂ ಚುಚ್ಚಬೇಕು. ಒಂದು ದಿನದ ಮಾತಲ್ಲ. ಸ್ವಲ್ಪ ನೋಡಿ ಮಾತಾಡಿ.

ಸಿಸ್ಟರ್: ಸಾಗರದ ಅಮ್ಮ, ನಿಮ್ಮ ಪ್ರಶ್ನೆ ಓದಿದಾಗಿನಿಂದ ಅದೇ ತಲೆಯಲ್ಲಿದೆ. ಬಸ್ಸಿನಲ್ಲೇ ವಾಂತಿ ಅಂದರೆ ಭಯ ಸೂಜಿಗಿಂತ ದೊಡ್ಡದಾಗಿದೆ. ಈ ಮಗು ಜೀವನಪೂರ್ತಿ ಆಸ್ಪತ್ರೆಗೆ ಬರಬೇಕು. ಹಿಡಿದು ಚುಚ್ಚೋದು ಹೀಗೇ ನಡೆದರೆ, ಹದಿನೈದು ಹದಿನಾರು ವರ್ಷಕ್ಕೆ "ಬರಲ್ಲ" ಅಂತ ಕೂತುಬಿಡ್ತಾಳೆ. ಆಗ ನಾಲ್ಕು ಜನ ಹಿಡಿದರೂ ಆಗಲ್ಲ. ಅದಕ್ಕೇ ಉದ್ದ ಬರೀತಿದ್ದೀನಿ.

ಇವತ್ತೇ ಮನೆಯಲ್ಲಿ ಶುರು ಮಾಡಿ. ಬೊಂಬೆಗೆ ಅವಳೇ ಸಿಸ್ಟರ್ ಆಗಲಿ. ಪಟ್ಟಿ ಕಟ್ಟಲಿ, ಹತ್ತಿಯಲ್ಲಿ ಒರೆಸಲಿ. ಆಮೇಲೆ ಅವಳ ಸರದಿ. ಎಡಗೈ ದಿಂಬಿನ ಮೇಲೆ ಅಲ್ಲಾಡದೆ ಇರಬೇಕು, ಬಲಗೈಯಲ್ಲಿ ಬಾರಿಸಬೇಕು. ಇಲ್ಲೊಂದು ಎಚ್ಚರಿಕೆ. ಚಂಡೆ ಅಂತ ಕೋಲು ಹಿಡಿದು ಭುಜದಿಂದ ಹೊಡೆದರೆ ಇಡೀ ಮೈ ಕುಣಿಯುತ್ತೆ, ಸೂಜಿ ರಕ್ತನಾಳದಿಂದ ಜಾರುತ್ತೆ. ಬೆರಳ ತುದಿಯಲ್ಲಿ ಮಾತ್ರ ಬಾರಿಸೋದು ರೂಢಿಯಾಗಲಿ. ತೊಡೆ ಮೇಲೆ ಸಣ್ಣ ಡಬ್ಬ ಸಾಕು. ಅದಕ್ಕಿಂತ ಒಳ್ಳೇದು ಬಾಯಿತಾಳ. ತಕಿಟ ತಕಧಿಮಿ ಅಂತ ಒಂದೇ ಉಸಿರಿನಲ್ಲಿ ಎಷ್ಟು ದೂರ ಹೇಳ್ತಾಳೆ ನೋಡಿ. ಉಸಿರು ಉದ್ದಕ್ಕೆ ಹೊರಗೆ ಹೋದಷ್ಟೂ ಮೈ ಸಡಿಲ ಆಗುತ್ತೆ.

ತಾಳ ಅವಳ ಕೈಯಲ್ಲಿರಲಿ. ನಿಧಾನ ಮಾಡೋದು, ಜೋರು ಮಾಡೋದು ಅವಳಿಗೆ ಬಿಟ್ಟದ್ದು, ನೀವು ಅವಳನ್ನ ಅನುಸರಿಸಿ ಹಾಡಿ. ಆ ಕೋಣೆಯಲ್ಲಿ ಅವಳ ಮಾತು ನಡೆಯೋದು ಇದೊಂದೇ ವಿಷಯದಲ್ಲಿ. ಚುಚ್ಚೋದು ಯಾವಾಗ ಅನ್ನೋದನ್ನೂ ಮೊದಲೇ ಮಾತಾಡಿಕೊಳ್ಳಿ. ಕೆಲವು ಮಕ್ಕಳಿಗೆ "ತಾಳದ ಈ ಮುಕ್ತಾಯ ಆದ ಕೂಡಲೇ ಸೂಜಿ" ಅಂತ ಹೇಳಿದರೆ ಧೈರ್ಯ. ಕೆಲವರಿಗೆ ಹೇಳದಿದ್ದರೇ ಒಳ್ಳೇದು. ಅವಳನ್ನೇ ಕೇಳಿ. "ನೋವೇ ಆಗಲ್ಲ" ಅಂತ ಮಾತ್ರ ಹೇಳಬೇಡಿ. ಆಗುತ್ತೆ ಅಂತ ಅವಳಿಗೆ ಗೊತ್ತು. ಒಂದು ಸಲ ಸುಳ್ಳು ಅಂತ ಕಂಡರೆ ನಿಮ್ಮ ಹಾಡನ್ನೂ ನಂಬಲ್ಲ.

ಮಲಗಿಸಿ ಹಿಡಿಯೋದು ಬೇಡ. ನಿಮ್ಮ ತೊಡೆ ಮೇಲೆ ಕೂರಲಿ, ಬೆನ್ನು ನಿಮ್ಮ ಎದೆಗೆ ಒರಗಿರಲಿ. ಇನ್ನೆರಡು ವಿಷಯ ಡಾಕ್ಟರ ಹತ್ತಿರ ಕೇಳಿ. ಒಂದು, ಕ್ಯಾನುಲಾ ಹಾಕುವಾಗಲೇ ಅದರಿಂದ ಮ್ಯಾಚಿಂಗ್‌ಗೂ ರಕ್ತ ತೆಗೆಯಲು ಆಗುತ್ತಾ ಅಂತ. ಹಾಗಾದರೆ ಒಂದು ಸಲ ಚುಚ್ಚೋದು ತಪ್ಪುತ್ತೆ. ಇನ್ನೊಂದು, ಮರಗಟ್ಟಿಸುವ ಮುಲಾಮು. ಲಿಡೋಕೇನ್ ಮತ್ತು ಪ್ರಿಲೋಕೇನ್ ಸೇರಿದ್ದು. ಚುಚ್ಚುವ ಜಾಗಕ್ಕೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ, ಒಂದು ಗಂಟೆ ಬಿಡಬೇಕು. ಹತ್ತು ನಿಮಿಷಕ್ಕೆ ಒರೆಸಿದರೆ ಏನೂ ಉಪಯೋಗ ಇಲ್ಲ. ಮುಲಾಮು ಚರ್ಮಕ್ಕೆ, ತಾಳ ಭಯಕ್ಕೆ. ಈ ಮಗುವಿಗೆ ಎರಡೂ ಬೇಕು. ಇಷ್ಟಾದರೂ ವಾಂತಿ ನಿಲ್ಲದಿದ್ದರೆ ಮಕ್ಕಳ ಮನಸ್ಸಿನ ವೈದ್ಯರಿಗೆ ತೋರಿಸಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಸಾಗರ ಸೀಮೆ ಅಮ್ಮ: ಸಿಸ್ಟರ್, ಓದ್ತಾ ಅಳು ಬಂತು. ಇವತ್ತೇ ಶುರು ಮಾಡ್ತೀನಿ. ಬಾಯಿತಾಳ ಅವಳಿಗೆ ಅವಳ ದೊಡ್ಡಪ್ಪ ಹೇಳಿಕೊಟ್ಟಿದ್ದಾರೆ.

ಶೃಂಗೇರಿ ಅಪ್ಪ: ಆ ಮುಲಾಮು ಮೆಡಿಕಲ್‌ನಲ್ಲಿ ಹಾಗೇ ತಗೊಂಡು ನಮ್ಮ 3 ತಿಂಗಳ ಮಗುವಿಗೆ ಹಚ್ಚಬಹುದಾ?

ಸಿಸ್ಟರ್: ಹಾಗೇ ಬೇಡ. ಡಾಕ್ಟರ್ ಬರೆದುಕೊಟ್ಟ ಅಳತೆ ಮಾತ್ರ. ಎಳೆ ಮಕ್ಕಳಿಗೆ ಜಾಸ್ತಿಯಾದರೆ ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಡಿಮೆ ಆಗಿ, ಮೈ ನೀಲಿಯಾಗುತ್ತೆ.

ಲ್ಯಾಬ್ ಹುಡುಗ: ನಾನು ಲ್ಯಾಬಲ್ಲಿ ಕೆಲಸ ಮಾಡ್ತೀನಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದವರ ಕ್ಯೂ ಬಾಗಿಲ ಹೊರಗೆ ಇರುತ್ತೆ. ಒಂದೊಂದು ಮಗುವಿಗೆ ಚಂಡೆ ಮದ್ದಳೆ ಅಂತ ಕೂತರೆ ಉಳಿದವರು ಎಂತ ಮಾಡೋದು? ಹೇಳೋಕೆ ಚೆನ್ನಾಗಿದೆ.

ರಿಪ್ಪನ್‌ಪೇಟೆ ಅಪ್ಪ: ನಿಮಗೆ ಕ್ಯೂ ಮುಖ್ಯ. ನಮಗೆ ಮಗು ಮುಖ್ಯ.

ಲ್ಯಾಬ್ ಹುಡುಗ: ಕ್ಯೂನಲ್ಲಿ ನಿಂತವರೂ ಮಕ್ಕಳ ಅಪ್ಪ ಅಮ್ಮಂದಿರೇ ಸರ್. ಬಂದು ಒಂದು ದಿನ ನಮ್ಮ ಕುರ್ಚಿಯಲ್ಲಿ ಕೂರಿ.

ಸಿಸ್ಟರ್: ತಮ್ಮಾ, ನಿನ್ನ ಕಷ್ಟ ಗೊತ್ತು. ಆದರೆ ಕಿರುಚಾಡಿ ಕೈ ಎಳೆದಾಡುವ ಮಗುವಿಗೆ ಎರಡು ಮೂರು ಸಲ ಚುಚ್ಚೋದಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ? ಎಳೆದಾಟದಲ್ಲಿ ತೆಗೆದ ರಕ್ತದ ಕಣ ಒಡೆದುಹೋದರೆ ರಿಪೋರ್ಟ್ ಸರಿ ಬರಲ್ಲ, ಮತ್ತೆ ಕರೆಸಬೇಕು. ಹಾಡೋದು ಅಪ್ಪ ಅಮ್ಮ, ಅದೂ ಕ್ಯೂನಲ್ಲಿ ನಿಂತಾಗಲೇ. ನಿನಗೆ ಬೇಕಾದ್ದು ಅಲ್ಲಾಡದ ಒಂದು ಕೈ. ಅದು ಸಿಗುತ್ತೆ.

ಭದ್ರಾವತಿ ಮಾವ: ಇದೆಲ್ಲ ಪ್ರೈವೇಟ್‌ನಲ್ಲಿ ದುಡ್ಡು ಕೊಟ್ಟರೆ ಮಾತ್ರ ಆಗೋ ಮಾತು.

ಲ್ಯಾಬ್ ಹುಡುಗ: ಸುಮ್ನೆ ಹೇಳಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕೈ ಪಳಗಿದವರು ಜಾಸ್ತಿ ಇದ್ದಾರೆ.

ಭದ್ರಾವತಿ ಮಾವ: ನೀವು ಎಲ್ಲಿದ್ದೀರಿ, ಪ್ರೈವೇಟಾ? ಹಾಗಿದ್ರೆ ಗೊತ್ತಾಯ್ತು ಬಿಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ವಿಷಯಕ್ಕೆ ಬನ್ನಿ.

ಸೊರಬ ಅಕ್ಕ: ನನ್ನ ಮಗನಿಗೆ ಕಿವಿ ಕೇಳಿಸಲ್ಲ, 5 ವರ್ಷ. ಅವನಿಗೆ ಏನು ಮಾಡೋದು?

ಆಗುಂಬೆ ಕಡೆಯವರು: ಮನೆಗೇ ಬಂದು ರಕ್ತ ತೆಗೆಯುವವರು ನಮ್ಮ ಕಡೆ ಯಾರಾದರೂ ಇದ್ದಾರಾ? ರೇಟ್ ಎಷ್ಟು?

ಹೊಸನಗರ ಚಿಕ್ಕಮ್ಮ: ಫಾರ್ವರ್ಡ್ ಬಂದಿದೆ: "ಲವಂಗದ ಎಣ್ಣೆ ಮತ್ತು ಕರ್ಪೂರ ಬೆರೆಸಿ ಮೊಣಕೈ ಒಳಗೆ ಉಜ್ಜಿ, 432 ಹರ್ಟ್ಸ್ ಸಂಗೀತ ಹಾಕಿದರೆ ಸೂಜಿ ಚುಚ್ಚಿದ್ದೇ ಗೊತ್ತಾಗಲ್ಲ. ಎಲ್ಲ ಗುಂಪಿಗೂ ಕಳಿಸಿ."

ಸಿಸ್ಟರ್: ಫಾರ್ವರ್ಡ್ ಬೇಡ ಅಂತ ಮೊದಲೇ ಹೇಳಿದ್ದಾರೆ ಅಲ್ವಾ? ಕರ್ಪೂರ ಮಕ್ಕಳಿಗೆ ವಿಷ. ಸ್ವಲ್ಪ ಬಾಯಿಗೆ ಹೋದರೂ ಫಿಟ್ಸ್ ಬರಬಹುದು, ಮಗು ಕೈ ಬಾಯಿಗೆ ಇಟ್ಟೇ ಇಡುತ್ತೆ. ಲವಂಗದ ಎಣ್ಣೆ ಎಳೆ ಚರ್ಮವನ್ನ ಸುಡುತ್ತೆ. 432 ಹರ್ಟ್ಸ್ ಅನ್ನೋ ಶ್ರುತಿಗೆ ನೋವು ಹೋಗುತ್ತೆ ಅನ್ನೋದಕ್ಕೆ ಯಾವ ಆಧಾರವೂ ಇಲ್ಲ. ಇದನ್ನ ಅಳಿಸಿ.

ಹೊಸನಗರ ಚಿಕ್ಕಮ್ಮ: ಒಳ್ಳೇದಕ್ಕೆ ಅಂತ ಹಾಕಿದೆ. ಇಷ್ಟು ಸಿಟ್ಟು ಯಾಕೆ?

ಸಿಸ್ಟರ್: ಇದನ್ನ ಓದಿ ಯಾರಾದರೂ ನಾಳೆ ಹಚ್ಚುತ್ತಾರೆ, ಅದಕ್ಕೆ.

ಶಿವಮೊಗ್ಗ ಅತ್ತೆ: ಮೊಮ್ಮಗನ ತೂಕ 15 ಕೆಜಿ. ಮೂರು ಬಾಟಲಿಗೆ ರಕ್ತ ತೆಗೆದರು. ಮಗು ಸೊರಗಲ್ವಾ?

ಸಿಸ್ಟರ್: ಇಲ್ಲ. ಅಷ್ಟು ತೂಕದ ಮಗುವಿನ ಮೈಯಲ್ಲಿ ಒಂದು ಲೀಟರಿಗೂ ಜಾಸ್ತಿ ರಕ್ತ ಇರುತ್ತೆ. ಆ ಚಿಕ್ಕ ಬಾಟಲಿಗಳಿಗೆ ಹೋಗೋದು ಕೆಲವು ಎಂಎಲ್ ಮಾತ್ರ.

ಕಡೂರು ರಸ್ತೆ: ಯಾವ ಹಾಡು ಹಾಕಬೇಕು ಮೇಡಂ? ಲಿಂಕ್ ಇದ್ರೆ ಕೊಡಿ.

ಸಿಸ್ಟರ್: ಮೇಲೆ ಹೇಳಿದ್ದೀನಿ.

ಸೊರಬ ಅಕ್ಕ: ನನ್ನ ಪ್ರಶ್ನೆ ಯಾರೂ ನೋಡಲಿಲ್ಲ.

ರಿಪ್ಪನ್‌ಪೇಟೆ ಅಪ್ಪ: ಅಕ್ಕ, ನನ್ನ ತಂಗಿ ಮಗಳಿಗೂ ಕೇಳಿಸಲ್ಲ. ಸಣ್ಣ ಡೋಲಕ್ ತೊಡೆ ಮೇಲೆ ಇಟ್ಟು, ಅವಳ ಅಂಗೈ ಅದರ ಮೇಲೆ ಇಡಿಸ್ತೀವಿ. ಇನ್ನೊಂದು ಬದಿ ನಾವು ಬಾರಿಸಿದರೆ ಅದರುವುದು ಗೊತ್ತಾಗುತ್ತೆ, ಅವಳೂ ತಿರುಗಿ ಬಾರಿಸ್ತಾಳೆ. ಕಣ್ಣು ನಮ್ಮ ಮುಖದ ಮೇಲೇ ಇರುತ್ತೆ. ಮುಂಚೆನೇ ಸನ್ನೆಯಲ್ಲಿ ಎಲ್ಲ ಹೇಳಿ. ಹಿಂದಿನಿಂದ ಬಂದು ಕೈ ಹಿಡಿಯಬಾರದು ಅಂತ ಲ್ಯಾಬಿನವರಿಗೂ ಹೇಳಿ.

ಸಿಸ್ಟರ್: ತುಂಬಾ ಸರಿ. ಸೊರಬದ ಅಕ್ಕ, ಹಾಗೇ ಮಾಡಿ.

ತೀರ್ಥಹಳ್ಳಿ ಅಜ್ಜ: ಗಂಡು ಮಗು ಸೂಜಿಗೆ ಅಳೋದು ಅಂದ್ರೆ...

ಸಿಸ್ಟರ್: ಅಳಲಿ ಅಜ್ಜ. ತಾಳ ಹಾಕ್ತಾ ಹಾಕ್ತಾ ಅತ್ತರೂ ಪರವಾಗಿಲ್ಲ. ಅಳಬೇಡ ಅಂತ ಗದರಿಸಿದರೆ ನೋವಿನ ಮೇಲೆ ಅವಮಾನವೂ ಸೇರುತ್ತೆ.

ಕಾಡಂಚಿನ ಅಪ್ಪ: ಸಿಸ್ಟರ್, ಮಗಳಿಗೆ 8 ವರ್ಷ. ನಾಲ್ಕು ದಿನದಿಂದ ಜೋರು ಜ್ವರ, ತಲೆನೋವು, ಮೈಕೈ ನೋವು. ಊರ ಡಾಕ್ಟರು ರಕ್ತ ಪರೀಕ್ಷೆ ಬರೆದಿದ್ದಾರೆ. ಅವಳಿಗೆ ಸೂಜಿ ಅಂದ್ರೆ ತುಂಬಾ ಹೆದರಿಕೆ. ನಿಮ್ಮ ಬಾಯಿತಾಳ ನಾಲ್ಕು ದಿನ ಅಭ್ಯಾಸ ಮಾಡಿಸಿ ಸೋಮವಾರ ಹೋಗೋಣ ಅಂತಿದ್ದೀವಿ. ಹಿಂದಿನ ಕಾಡಲ್ಲಿ ಒಂದು ಮಂಗ ಸತ್ತಿದೆ ಅಂತಾನೂ ಹೇಳ್ತಿದ್ದಾರೆ.

ಸಿಸ್ಟರ್: ಸೋಮವಾರ ಅಲ್ಲ. ಈಗಲೇ ಹೊರಡಿ. ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾಗಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣ್ಣಿ ಹುಳ (ಉಣುಗು) ಕಚ್ಚಿ ಬರೋದು. ಜ್ವರ, ತಲೆನೋವು, ಮೈನೋವಿನಿಂದಲೇ ಶುರು. ಇದು ಅದೇ ಅಂತ ನಾನು ಹೇಳ್ತಿಲ್ಲ. ಡೆಂಗಿಯೂ ಇರಬಹುದು, ಬೇರೆಯೂ ಇರಬಹುದು. ರಕ್ತ ನೋಡದೆ ಗೊತ್ತಾಗಲ್ಲ. ಮಂಗ ಸತ್ತ ವಿಷಯ ಡಾಕ್ಟರಿಗೆ ಮೊದಲು ಹೇಳಿ, ಆರೋಗ್ಯ ಇಲಾಖೆಯವರಿಗೂ ಹೇಳಿ. ಸತ್ತ ಮಂಗದ ಹತ್ತಿರ ಯಾರೂ ಹೋಗಬೇಡಿ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ, ಡಾಕ್ಟರ್ ಹೇಳಿದ ಅಳತೆಯಲ್ಲಿ. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಹೆಚ್ಚಾಗುತ್ತೆ. ವಸಡು, ಮೂಗಿನಲ್ಲಿ ರಕ್ತ ಬಂದರೆ, ಮಂಪರು ಕಂಡರೆ ದಾರಿಯಲ್ಲಿ ಸಿಗುವ ದೊಡ್ಡ ಆಸ್ಪತ್ರೆಗೆ ನೇರ ಹೋಗಿ. ತಾಳ ಇರೋದು ಪರೀಕ್ಷೆ ಸುಲಭ ಆಗಲಿ ಅಂತ, ಮುಂದೆ ಹಾಕೋಕೆ ಅಲ್ಲ.

ಹೊಸನಗರ ಚಿಕ್ಕಮ್ಮ: ಪಪಾಯ ಎಲೆ ರಸ ಕುಡಿಸಿ, ಪ್ಲೇಟ್‌ಲೆಟ್ ಏರುತ್ತೆ. ಆಸ್ಪತ್ರೆಗೆ ಓಡೋ ಅಗತ್ಯ ಇಲ್ಲ.

ಸಿಸ್ಟರ್: ಅಡ್ಮಿನ್, ಈ ಮೆಸೇಜ್ ತೆಗೀರಿ. ಇದು ಮಗುವಿನ ಜೀವದ ಪ್ರಶ್ನೆ.

ಅಡ್ಮಿನ್: ತೆಗೀತಿದ್ದೀನಿ. ಚಿಕ್ಕಮ್ಮ, ಇವತ್ತಿಗೆ ನೀವು ಮೆಸೇಜ್ ಹಾಕಬೇಡಿ.

ಕಾಡಂಚಿನ ಅಪ್ಪ: ಜೀಪ್ ಸಿಕ್ಕಿತು ಸಿಸ್ಟರ್. ಹೊರಟ್ವಿ. ದಾರಿಯಲ್ಲಿ ಅವಳಿಗೆ ಏನು ಹೇಳಲಿ?

ಸಿಸ್ಟರ್: ನಿಜ ಹೇಳಿ. ಒಂದು ಸಲ ಚುಚ್ಚುತ್ತಾರೆ, ಸ್ವಲ್ಪ ಹೊತ್ತು ನೋವಾಗುತ್ತೆ, ಅಪ್ಪ ಪಕ್ಕದಲ್ಲೇ ಇರ್ತೀನಿ ಅಂತ. ಜ್ವರದ ಮಗುವಿಗೆ ಬಾರಿಸೋ ಶಕ್ತಿ ಇರಲ್ಲ, ಒತ್ತಾಯ ಬೇಡ. ನೀವು ಮೆಲ್ಲಗೆ ಹಾಡಿ, ಅವಳು ಬೆರಳಲ್ಲಿ ನಿಮ್ಮ ಅಂಗೈ ಮೇಲೆ ತಾಳ ಹಾಕಿದರೆ ಸಾಕು. ನೀರು ಕುಡಿಸ್ತಾ ಇರಿ. ತಲುಪಿದ ಕೂಡಲೇ ಇಲ್ಲಿ ಹಾಕಿ.