‘ತಿನ್ನೋಲೆ’ ಅನ್ನಬಹುದೇ? ಇಲ್ಲಾ ‘ಓದೂಟ’ವೇ?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ.

ಮೆಚ್ಚಿನ ಪುಸ್ತಕವೊಂದನ್ನು ಮನಸ್ಸಲ್ಲಿಟ್ಟುಕೊಂಡು ಏನಾದರೂ ತಿನ್ನುವಂಥದ್ದು ಮಾಡಿ, ಎಲ್ಲರಿಗೂ ತೋರಿಸಿ, ಫೋಟೋ ತೆಗೆದು, ಆಮೇಲೆ ಹಂಚಿಕೊಂಡು ತಿಂದು ಮುಗಿಸುವ ‘ಎಡಿಬಲ್ ಬುಕ್’ ಹಬ್ಬ ಹೊರದೇಶಗಳಲ್ಲಿ ನಡೆಯುತ್ತದೆ. ಜೂಡಿತ್ ಹಾಫ್‌ಬರ್ಗ್ ಮತ್ತು ಬಿಯಾಟ್ರಿಸ್ ಕೊರೊನ್ 2000ದಲ್ಲಿ ಶುರು ಮಾಡಿದ್ದು. ದಿನ ಏಪ್ರಿಲ್ 1ರ ಆಸುಪಾಸು. ರುಚಿಯ ಬಗ್ಗೆ ಬರೆದ ಫ್ರಾನ್ಸಿನ ಬ್ರಿಯಾ-ಸಾವರಿನ್ 1755ರಲ್ಲಿ ಹುಟ್ಟಿದ ದಿನ ಅದು. ಮೂರ್ಖರ ದಿನವೂ ಹೌದು, ಇರಲಿ. ಮಡಿಕೇರಿಯಲ್ಲಿ ನಾವು ಕೆಲವರು ಇದನ್ನು ಮಾಡಬೇಕೆಂದಿದ್ದೇವೆ. ಬ್ಯಾನರಿಗೆ ಕನ್ನಡದ ಹೆಸರು ಬೇಕು.

‘ಖಾದ್ಯ ಪುಸ್ತಕ’ ಅಂತ ಒಬ್ಬರು ಸೂಚಿಸಿದರು. ಕೇಳಿದವರೆಲ್ಲ ಅಡುಗೆ ಪುಸ್ತಕ ಅಂದುಕೊಂಡರು. ‘ತಿನ್ನಬಹುದಾದ ಪುಸ್ತಕ’ ಅರ್ಥವಾಗುತ್ತದೆ, ಆದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಿದೆ.

ನನ್ನ ಪದ ‘ತಿನ್ನೋಲೆ’. ನಾನು ಮಾಡುತ್ತಿರುವುದು ಓಲೆಗರಿಯ ಕಟ್ಟು. ಪುಸ್ತಕ ‘ಪಟ್ಟೋಲೆ ಪಳಮೆ’, ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಹಾಡುಗಳನ್ನು ಕೂಡಿಸಿ 1924ರಲ್ಲಿ ತಂದದ್ದು. ಅಕ್ಕಿ ಒಟ್ಟಿಯನ್ನು (ಕೊಡಗಿನ ಅಕ್ಕಿ ರೊಟ್ಟಿ) ತೆಳ್ಳಗೆ ತಟ್ಟಿ, ಉಬ್ಬಲು ಬಿಡದೆ ಅರ್ಧ ಬೇಯಿಸಿ, ಉದ್ದುದ್ದ ಪಟ್ಟಿ ಕತ್ತರಿಸುವುದು. ಹಿಂದೆ ಓಲೆಯ ಮೇಲೆ ಕಬ್ಬಿಣದ ಕಂಟದಿಂದ, ಅಂದರೆ ಬರೆಯುವ ಚೂಪು ಕಡ್ಡಿಯಿಂದ, ಅಕ್ಷರ ಗೀರಿ ಮೇಲೆ ಮಸಿ ಉಜ್ಜುತ್ತಿದ್ದರಲ್ಲ, ಹಾಗೇ ಇಲ್ಲಿ ಗೀರಿ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಉಜ್ಜುವುದು. ಕಪ್ಪು ಚೆನ್ನಾಗಿ ಕೂರುತ್ತದೆ, ಹುಳಿ ಮಾತ್ರ ಹಲ್ಲು ಜುಮ್ಮೆನ್ನುವಷ್ಟು, ಅದಕ್ಕೆ ಬೆಲ್ಲದ ಪಾಕ ಸ್ವಲ್ಪ ಜಾಸ್ತಿಯೇ ಬೇಕು. ಕಟ್ಟುವ ದಾರಕ್ಕೆ ನೂಲ್‌ಪುಟ್ಟಿನ (ಅಕ್ಕಿ ಶಾವಿಗೆ) ಎಳೆ ಅಂತ ಆಸೆ. ಅದು ತುಂಡಾಗುತ್ತದೆ, ಸುಮ್ನೆ ಮೇಲೆ ಸುತ್ತಿಡಬೇಕು ಅಷ್ಟೆ.

ಹುರಿಗಡಲೆ, ಕಡೆಗೋಲು, ಬೀಸುಕಲ್ಲು ಇವೆಯಲ್ಲ, ಧಾತುವಿಗೆ ನೇರ ನಾಮಪದ ಸೇರಿ ಆದವು. ಹಾಗೆಯೇ ತಿನ್ನು, ಓಲೆ ಸೇರಿ ತಿನ್ನೋಲೆ. ವ್ಯಾಕರಣಕ್ಕೆ ತಕರಾರಿಲ್ಲ ಅನ್ನಿಸುತ್ತದೆ. ಆದರೆ ಬೇಗ ಹೇಳಿದರೆ ‘ತಿನ್ನಲೊಲ್ಲೆ’ ಅಂತ ಕೇಳುತ್ತದೆ, ತಿನ್ನುವ ಹಬ್ಬಕ್ಕೆ ಅಪಶಕುನ! ಮೇಲಾಗಿ ಓಲೆ ಅಂದರೆ ಈಗಿನವರಿಗೆ ಮೊದಲು ನೆನಪಾಗುವುದು ಮದುವೆ ಓಲೆ, ಇಲ್ಲಾ ಕಿವಿಯದು.

ಇನ್ನೊಂದು ದೊಡ್ಡ ತೊಡಕಿದೆ. ಈ ಹಬ್ಬದಲ್ಲಿ ಮಾಡಿದ್ದು ಪುಸ್ತಕದ ಆಕಾರದಲ್ಲೇ ಇರಬೇಕೆಂದಿಲ್ಲ. ಕಥೆಯ ಪಾತ್ರವಾಗಬಹುದು, ಹೆಸರಿನ ಮೇಲೆ ಮಾಡಿದ ತಮಾಷೆಯೂ ಆಗಬಹುದು. ನನ್ನ ಗೆಳತಿ ಪಾಪುಟ್ಟಿನಲ್ಲಿ (ಅಕ್ಕಿ ತರಿಯನ್ನು ಹಬೆಯಲ್ಲಿ ಬೇಯಿಸಿದ ತಿಂಡಿ) ಕಥೆಯೊಂದರ ಮನೆ ಕಟ್ಟುತ್ತಿದ್ದಾಳೆ. ಅದನ್ನು ಓಲೆ ಅನ್ನಲಾಗದು, ಹೊತ್ತಗೆಯೂ ಅಲ್ಲ. ಆದ್ದರಿಂದ ನನ್ನದಕ್ಕೆ ತಿನ್ನೋಲೆ ಇರಲಿ, ಹಬ್ಬಕ್ಕೆ ‘ಓದೂಟ’ ಅಂತಿಟ್ಟರೆ ಹೇಗೆ? ಓದು, ಊಟ ಎರಡೂ ಬಂತು. ನನಗಂತೂ ಇದು ಹಿಡಿಸಿದೆ. ಭಯ ಒಂದೇ, ಊಟ ಅಂದರೆ ಜನ ಅನ್ನ ಸಾರು ಇರುತ್ತದೆ ಅಂತ ಹಸಿದು ಬಂದಾರು, ಅಲ್ವಾ? ಇಲ್ಲಿರುವುದು ಬರೀ ತಿಂಡಿ.

‘ತಿನ್ನು’, ‘ಉಣ್ಣು’ ಧಾತುಗಳು ಹೀಗೆ ನೇರ ಸೇರಿದ ಪದಗಳು ಹಳಗನ್ನಡದಲ್ಲೋ ನಿಮ್ಮ ಊರ ಮಾತಲ್ಲೋ ಇದ್ದರೆ ತಿಳಿಸಿ. ಬ್ಯಾನರ್ ಇನ್ನೂ ಪ್ರಿಂಟಿಗೆ ಕೊಟ್ಟಿಲ್ಲ.