ವಾರ್ನಿಶ್ ಹಚ್ಚಿದ ಮೇಲೆ ಪ್ರಷ್ಯನ್ ಪಡೆಗೆ ಬೂದಿ ಬಡಿದ ಹಾಗಾಗಿದೆ, ಸವಾಲಿಗೆ ನಾಲ್ಕೇ ದಿನ!

ಅರ್ಧಬಣ್ಣ (ಸೋಮವಾರ, ಬೆಳಿಗ್ಗೆ 7:10)

ತಲೆ ಕೆಟ್ಟು ಹೋಗಿದೆ. ಆರು ವಾರ ಕೂತು ಬಣ್ಣ ಹಾಕಿದ 24 ಪ್ರಷ್ಯನ್ನರು (ಹಳೇ ಜರ್ಮನ್ ರಾಜ್ಯದ ಪುಟ್ಟ ಸೈನಿಕ ಬೊಂಬೆಗಳು) ಒಂದೇ ರಾತ್ರಿಯಲ್ಲಿ ಹಾಳು. ನಿನ್ನೆ ವಾರ್ನಿಶ್ ಮುಗಿಸಿ ಮಲಗುವಾಗ ಚೆನ್ನಾಗೇ ಇದ್ದರು. ಬೆಳಿಗ್ಗೆ ಎದ್ದು ನೋಡಿದರೆ ಕಡುನೀಲಿ ಕೋಟುಗಳ ಮೇಲೆಲ್ಲ ಬಿಳಿ ಮಬ್ಬು. ಶಾಕೋ ಟೋಪಿಯ ಕಪ್ಪು ಹೊದಿಕೆ ಸ್ಲೇಟಿನ ಬಣ್ಣಕ್ಕೆ ತಿರುಗಿದೆ. ಬಟ್ಟೆಯ ಮಡಿಕೆಗಳಲ್ಲಿ ಸುಣ್ಣದ ನೀರು ನಿಂತು ಒಣಗಿದ ಹಾಗಿದೆ.

ಗುರುವಾರ ರಾತ್ರಿ ಬೊಂಬೆಗೆ ಬಣ್ಣ ಹಾಕುವ ಸವಾಲು ಮುಗಿಯುತ್ತದೆ. ಒಂದು ಐತಿಹಾಸಿಕ ತುಕಡಿ, ಒಂದು ಫ್ಯಾಂಟಸಿ ತುಕಡಿ, ಎರಡೂ ಸೇರಿದರೆ ಮಾತ್ರ ಪೂರ್ತಿ ಅಂಕ. ಫ್ಯಾಂಟಸಿಗೆ ಆರು ಪಿಶಾಚಿ ಮಾಡಿದ್ದೇನೆ. ಅವಕ್ಕೂ ಅದೇ ವಾರ್ನಿಶ್, ಅದೇ ರಾತ್ರಿ. ಅವು ಸೂಪರಾಗಿ ಬಂದಿವೆ. ಹಾಗಾಗಿ ವಾರ್ನಿಶ್ ಬಗ್ಗೆ ಮಾತೇ ಬೇಡ. ನೀಲಿ ಬಣ್ಣವೇ ಕೈಕೊಟ್ಟಿದೆಯಾ? ಯಾರಿಗಾದರೂ ಹೀಗಾಗಿದೆಯಾ?

ಗಾಳಿಕುಂಚ (ಸೋಮವಾರ, ಬೆಳಿಗ್ಗೆ 7:31)

ಫ್ರಾಸ್ಟಿಂಗ್. ಫೋಟೋ ಕೂಡ ಬೇಕಿಲ್ಲ. ಗಾಳಿಯಲ್ಲಿ ತೇವ ಇದ್ದಾಗ ಸ್ಪ್ರೇ ಹೊಡೆದಿದ್ದೀರಿ. ಕ್ಯಾನಿನ ದ್ರಾವಕ ಆವಿಯಾಗುವಾಗ ಬೊಂಬೆಯ ಮೈ ತಣ್ಣಗಾಗುತ್ತದೆ. ಗಾಳಿಯ ನೀರಾವಿ ಅಲ್ಲೇ ಕೂರುತ್ತದೆ. ಅದು ವಾರ್ನಿಶ್ ಪದರದೊಳಗೆ ಸಿಕ್ಕಿಕೊಂಡರೆ ಬಿಳಿ ಮಬ್ಬು. ಮನೆಯೊಳಗೆ ತೇವ ಎಷ್ಟಿತ್ತು? ಕ್ಯಾನ್ ಎಷ್ಟು ದೂರ ಹಿಡಿದಿರಿ? ನಾನಂತೂ ತೇವಮಾಪಕ ನೋಡದೆ ನಳಿಕೆಗೆ ಬೆರಳು ಇಡುವುದಿಲ್ಲ.

ಹಳೇಸೀಸ (ಸೋಮವಾರ, ಬೆಳಿಗ್ಗೆ 8:02)

ತೇವ ಇರಬಹುದು, ದೂರವೂ ಇರಬಹುದು. ಜಾಸ್ತಿ ದೂರದಿಂದ ಹೊಡೆದರೆ ಹನಿ ಗಾಳಿಯಲ್ಲೇ ಒಣಗಿ ಪುಡಿಯಾಗಿ ಬೀಳುತ್ತದೆ. ಕಾರಣ ಏನೇ ಇರಲಿ, ಮದ್ದು ಒಂದೇ. ಆಲಿವ್ ಎಣ್ಣೆ. ಹಳೇ ಕುಂಚದಲ್ಲಿ ಒಂದು ತೊಟ್ಟು ಸವರಿ, ಬಟ್ಟೆಯಿಂದ ಒರೆಸಿ. ಮಬ್ಬು ಮಾಯ. ನಾವೆಲ್ಲ ಸೀಸದ ಬೊಂಬೆ ಕಾಲದಿಂದ ಮಾಡಿಕೊಂಡು ಬಂದಿದ್ದೇವೆ.

ಮೊದಲಕೋಟ್ (ಸೋಮವಾರ, ಬೆಳಿಗ್ಗೆ 8:15)

ಎಣ್ಣೆನಾ?! ಫೋಟೋ ಹಾಕಿ ಅಣ್ಣ, ನೋಡೋಣ.

ಅರ್ಧಬಣ್ಣ (ಸೋಮವಾರ, ಬೆಳಿಗ್ಗೆ 9:40)

ಫೋಟೋ ಹಾಕಿದ್ದೇನೆ. ಮಳೆ ಇಲ್ಲ, ಮಂಜಿಲ್ಲ, ಕೋಣೆ ಒಣಗಿಕೊಂಡೇ ಇದೆ. ತುಕಡಿ 2ನೇ ರೆಜಿಮೆಂಟ್, 1815ರ ಪ್ಲಾನ್ಸೆನ್ವಾ ಕಾಳಗಕ್ಕೆ (ವಾಟರ್ಲೂ ಯುದ್ಧದ ಭಾಗ) ಅಂತ ಮಾಡಿದ್ದು. 28 ಮಿ.ಮೀ. ಲೋಹದ ಬೊಂಬೆಗಳು. ಕಪ್ಪು ಪ್ರೈಮರ್, ಮೇಲೆ ನೀಲಿ, ವಾಶ್ (ಮಡಿಕೆಗೆ ಇಳಿಯುವ ನೀರುನೀರಾದ ಕಡು ಬಣ್ಣ), ಅಂಚಿಗೆ ತಿಳಿ ನೀಲಿ. ಎಲ್ಲ ಯಾವಾಗಲೂ ಮಾಡುವ ಹಾಗೇ ಮಾಡಿದ್ದು.

ಗುಂಡಿಲೆಕ್ಕ (ಸೋಮವಾರ, ಬೆಳಿಗ್ಗೆ 10:05)

ಮಬ್ಬಿನ ವಿಷಯ ಬೇರೆಯವರು ಹೇಳುತ್ತಾರೆ. ನನ್ನ ಕಣ್ಣು ಕಾಲರ್ ಮೇಲೆ ಬಿತ್ತು. 2ನೇ ರೆಜಿಮೆಂಟ್ ಅಂದರೆ 1ನೇ ಪೊಮೆರೇನಿಯನ್. ಪ್ರಷ್ಯನ್ ಸೇನೆಯಲ್ಲಿ ಕಾಲರ್ ಮತ್ತು ತೋಳಪಟ್ಟಿಯ ಬಣ್ಣ ಪ್ರಾಂತ್ಯದ ಗುರುತು. ಪೊಮೆರೇನಿಯಾಕ್ಕೆ ಬಿಳಿ. ನೀವು ಹಳದಿ ಹಾಕಿದ್ದೀರಿ. ಹಳದಿ ಸೈಲೀಷಿಯಾದ್ದು.

ಬಿಳಿ ಇರಬೇಕಾದ ಕಾಲರ್ ಒಂದು ಬಿಟ್ಟು ಬೇರೆಲ್ಲ ಬಿಳಿ ಆಗಿದೆಯಲ್ಲ ಸರ್!

ಅರ್ಧಬಣ್ಣ (ಸೋಮವಾರ, ಬೆಳಿಗ್ಗೆ 10:11)

ಗಾಯದ ಮೇಲೆ ಉಪ್ಪು. ಥ್ಯಾಂಕ್ಸ್.

ಹಳೇಸೀಸ (ಸೋಮವಾರ, ಬೆಳಿಗ್ಗೆ 10:48)

ಮೂರಡಿ ದೂರದಿಂದ ಆಟ ಆಡುವಾಗ ಕಾಲರ್ ಯಾರು ನೋಡುತ್ತಾರೆ? ಅಂದ ಹಾಗೆ, ಫೋಟೋದಲ್ಲಿ ಅವರು 28 ಮಿ.ಮೀ. ಅನ್ನಿಸುವುದಿಲ್ಲ. ಪಕ್ಕದ ಅಳತೆಪಟ್ಟಿ ನೋಡಿದರೆ 31 ದಾಟುತ್ತಾರೆ.

ಗುಂಡಿಲೆಕ್ಕ (ಸೋಮವಾರ, ಬೆಳಿಗ್ಗೆ 11:02)

ಪಾದದಿಂದ ಕಣ್ಣಿನವರೆಗೆ ಅಳೆಯಬೇಕು. ನೀವು ಶಾಕೋ ತುದಿವರೆಗೆ ಅಳೆದಿದ್ದೀರಿ.

ಹಳೇಸೀಸ (ಸೋಮವಾರ, ಬೆಳಿಗ್ಗೆ 11:09)

ಕಣ್ಣಿನವರೆಗೆ ಅನ್ನುವುದು ಬೊಂಬೆ ದಪ್ಪ ಮಾಡಿ ಮಾರುವವರು ಹುಟ್ಟಿಸಿದ ಲೆಕ್ಕ. ಮನುಷ್ಯನ ಎತ್ತರ ಅಂದರೆ ನೆತ್ತಿಯವರೆಗೆ. ಡಾಕ್ಟರ್ ಹತ್ತಿರ ಹೋದಾಗ ನಿಮ್ಮನ್ನು ಕಣ್ಣಿನವರೆಗೆ ಅಳೆಯುತ್ತಾರಾ?

ಗುಂಡಿಲೆಕ್ಕ (ಸೋಮವಾರ, ಬೆಳಿಗ್ಗೆ 11:15)

ಡಾಕ್ಟರ್ ಹತ್ತಿರ ಶಾಕೋ ಹಾಕಿಕೊಂಡು ಹೋಗುವುದಿಲ್ಲ. ಟೋಪಿ ಇದ್ದರೆ ನೆತ್ತಿ ಎಲ್ಲಿ ಅಂತ ಹೇಗೆ ಗೊತ್ತಾಗಬೇಕು? ಅದಕ್ಕೇ ಕಣ್ಣು.

ಗಾಳಿಕುಂಚ (ಸೋಮವಾರ, ಮಧ್ಯಾಹ್ನ 12:20)

ವಿಷಯಕ್ಕೆ ಬರೋಣ. ಫೋಟೋ ನೋಡಿದೆ. ನೂರಕ್ಕೆ ನೂರು ತೇವವೇ. "ಕೋಣೆ ಒಣಗಿದೆ" ಅಂತ ಎಲ್ಲರಿಗೂ ಅನ್ನಿಸುತ್ತದೆ. ಮೀಟರ್ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಇದೇ ಕಾರಣಕ್ಕೆ ನಾನು ಕ್ಯಾನ್ ಬಿಟ್ಟು ಏರ್‌ಬ್ರಶ್‌ಗೆ ಬಂದಿದ್ದು. 0.3 ಮಿ.ಮೀ. ನಳಿಕೆ, 3 ಲೀಟರ್ ಟ್ಯಾಂಕ್ ಇರುವ ಕಂಪ್ರೆಸರ್, ಕೊಳವೆಯಲ್ಲಿ ನೀರು ಹಿಡಿಯುವ ಫಿಲ್ಟರ್, ಹಿಂದೆ ಗಾಳಿ ಎಳೆಯುವ ಬೂತ್. ಕಳೆದ ವಾರ ಬೂತಿನೊಳಗೆ ತಿರುಗುವ ತಟ್ಟೆ, ಎರಡು ಕಡೆ ಎಲ್‌ಇಡಿ ಕೂಡ ಹಾಕಿದೆ. ಫೋಟೋ ಹಾಕಲೇ?

ಮೊದಲಕೋಟ್ (ಸೋಮವಾರ, ಮಧ್ಯಾಹ್ನ 12:24)

ಹಾಕಿ ಹಾಕಿ!

ಹಳೇಸೀಸ (ಸೋಮವಾರ, ಮಧ್ಯಾಹ್ನ 12:50)

ನನ್ನ ಸೆಟಪ್: ಕೊಲಿನ್‌ಸ್ಕಿ ಕೂದಲಿನ 1 ನಂಬರ್ ಕುಂಚ ಒಂದು, ಒಡೆದ ಪಿಂಗಾಣಿ ತಟ್ಟೆ ಒಂದು, ಟೇಬಲ್ ಲ್ಯಾಂಪ್ ಒಂದು. ಎರಡು ಸೈನ್ಯ ಮುಗಿದಿವೆ. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ.

ಸೊನ್ನೆನಂಬರ್ (ಸೋಮವಾರ, ಸಂಜೆ 6:30)

ಬೂತಿನ ಫೋಟೋ ಚೆನ್ನಾಗಿದೆ ಸರ್, ಆದರೆ ಪಾಪ ಇವರ ಕಡೆ ಸ್ವಲ್ಪ ನೋಡೋಣ.

ಅರ್ಧಬಣ್ಣ ಅವರೇ, ಒಬ್ಬ ಸೈನಿಕನ ಬೆನ್ನಿನ ಮೇಲೆ ಬೆರಳಿನಿಂದ ಒಂದು ಹನಿ ನೀರು ಸವರಿ. ಒದ್ದೆ ಇರುವಷ್ಟು ಹೊತ್ತು ನೀಲಿ ಸರಿಯಾಗಿ ಕಾಣುತ್ತದಾ? ಒಣಗಿದ ಮೇಲೆ ಮತ್ತೆ ಬಿಳಿ ಆಗುತ್ತದಾ?

ಇನ್ನೊಂದು. ಸ್ಪ್ರೇ ಅಂತ ನೀವು ಎಲ್ಲೂ ಹೇಳಿಲ್ಲ. ವಾರ್ನಿಶ್ ಕ್ಯಾನಿನದಾ, ಬಾಟಲಿಯದಾ?

ಅರ್ಧಬಣ್ಣ (ಸೋಮವಾರ, ರಾತ್ರಿ 8:15)

ಬಾಟಲಿ. ಕುಂಚದಿಂದ. ತಲೆಬರಹದಲ್ಲೇ "ಹಚ್ಚಿದ" ಅಂತ ಬರೆದಿದ್ದೇನಲ್ಲ, "ಹೊಡೆದ" ಅಂತ ಅಲ್ಲ! ನಾನು ಸ್ಪ್ರೇ ಮುಟ್ಟಿಯೇ ಇಲ್ಲ.

ನೀರು ಸವರಿದೆ. ಹೌದು! ಒದ್ದೆ ಇದ್ದಾಗ ಮೊದಲಿನ ನೀಲಿ ಹಾಗೇ ಇದೆ. ಐದು ನಿಮಿಷಕ್ಕೆ ಮತ್ತೆ ಬೂದಿ. ಇದರ ಅರ್ಥ ಏನು?

ಗಾಳಿಕುಂಚ (ಸೋಮವಾರ, ರಾತ್ರಿ 8:22)

ಬೆಳಿಗ್ಗೆಯೇ ಹೇಳಿದ್ದರೆ ನಾನು ಅಷ್ಟೆಲ್ಲ ಬರೆಯುತ್ತಿರಲಿಲ್ಲ. ಇರಲಿ. ಕುಂಚದಲ್ಲಿ ಹಚ್ಚಿದರೂ ತೇವದ ಪಾತ್ರ ಇದ್ದೇ ಇರುತ್ತದೆ. ನೀರಿನ ವಾರ್ನಿಶ್ ತೇವದ ಹವೆಯಲ್ಲಿ ನಿಧಾನ ಒಣಗುತ್ತದೆ.

ಸೊನ್ನೆನಂಬರ್ (ಸೋಮವಾರ, ರಾತ್ರಿ 8:55)

ನಿಧಾನ ಒಣಗುತ್ತದೆ, ನಿಜ. ಆದರೆ ಒಂದೇ ಕೋಣೆ, ಒಂದೇ ರಾತ್ರಿ. ತೇವ ಪಿಶಾಚಿಗಳನ್ನು ಬಿಟ್ಟು ಪ್ರಷ್ಯನ್ನರನ್ನೇ ಹುಡುಕಿಕೊಂಡು ಹೋಗುತ್ತದಾ?

ನೀರಿನ ಪರೀಕ್ಷೆ ಒಳ್ಳೆಯ ಸುದ್ದಿ. ಅಂದರೆ ಕೆಳಗಿನ ಬಣ್ಣಕ್ಕೆ ಏನೂ ಆಗಿಲ್ಲ, ಮಬ್ಬು ಮೇಲ್ಮೈಯಲ್ಲಷ್ಟೇ ಇದೆ. ಮ್ಯಾಟ್ ವಾರ್ನಿಶ್‌ನಲ್ಲಿ ಹೊಳಪು ಕೊಲ್ಲುವ ನುಣುಪಾದ ಪುಡಿ ಇರುತ್ತದೆ. ಸಾಮಾನ್ಯವಾಗಿ ಸಿಲಿಕಾ. ಅದು ಮೇಲ್ಮೈಯನ್ನು ತರಿತರಿ ಮಾಡಿ ಬೆಳಕನ್ನು ಚದುರಿಸುತ್ತದೆ. ಹದವಾಗಿದ್ದರೆ ಮ್ಯಾಟ್, ಜಾಸ್ತಿಯಾದರೆ ಬೂದಿ. ಕಡು ಬಣ್ಣದ ಮೇಲೆ ಕಣ್ಣಿಗೆ ಹೊಡೆಯುತ್ತದೆ, ತಿಳಿ ಬಣ್ಣದ ಮೇಲೆ ಗೊತ್ತೇ ಆಗುವುದಿಲ್ಲ. ನೀರು ಆ ತರಿಗಳನ್ನು ತುಂಬಿದಾಗ ಮಬ್ಬು ಹೋಗುತ್ತದೆ, ಆರಿದಾಗ ವಾಪಸ್.

ಈಗ ಮೂರು ಪ್ರಶ್ನೆ. ಯಾವುದನ್ನೂ "ಯಾವಾಗಲೂ ಮಾಡುವ ಹಾಗೇ" ಅಂತ ಹಾರಿಸಬೇಡಿ. ಬಾಟಲಿ ಎಷ್ಟು ಹೊತ್ತು ಅಲ್ಲಾಡಿಸಿದಿರಿ? ಮೊದಲು ಯಾರಿಗೆ ಹಚ್ಚಿದಿರಿ? ಪಿಶಾಚಿಗಳು ಹೊಳೆಯುತ್ತವಾ?

ಅರ್ಧಬಣ್ಣ (ಸೋಮವಾರ, ರಾತ್ರಿ 9:30)

ಅಲ್ಲಾಡಿಸಿದ್ದು... ಒಂದು ಸಲ ಕುಲುಕಿದೆ ಅನ್ನಿಸುತ್ತದೆ. ಬಾಟಲಿ ಹಳೆಯದು, ಶೆಲ್ಫಿನಲ್ಲಿ ಬಹಳ ದಿನದಿಂದ ನಿಂತಿತ್ತು. ಅಗಲ ಬಾಯಿ, ನೇರ ಕುಂಚ ಅದ್ದಿದೆ.

ಮೊದಲು ಪಿಶಾಚಿಗಳು, ಆಮೇಲೆ ಪ್ರಷ್ಯನ್ನರು. ಕೊನೆಗೆ ಸಾಲದೆ ಬಂತು, ತಳ ಕೆರೆದು ಕೆರೆದು ಮುಗಿಸಿದೆ. ಸ್ವಲ್ಪ ಗಟ್ಟಿ ಇತ್ತು.

ಪಿಶಾಚಿಗಳು ಒಂಚೂರು ಹೊಳೆಯುತ್ತವೆ. ಕೊಳೆತ ಚರ್ಮ ಒದ್ದೆ ಒದ್ದೆ ಕಾಣುತ್ತಿದೆ ಅಂತ ಖುಷಿಪಟ್ಟಿದ್ದೆ!

ಈಗ ಸಾಲಾಗಿ ಇಟ್ಟು ನೋಡಿದೆ. ಅಯ್ಯೋ. ಮೊದಲ ಸಾಲಿನ ಎಂಟು ಜನಕ್ಕೆ ಮಬ್ಬು ತೀರಾ ಕಡಿಮೆ. ನಡುವಿನವರಿಗೆ ಸುಮಾರು. ಕೊನೆಗೆ ಹಚ್ಚಿದ ಡ್ರಮ್ಮರ್, ಬಾವುಟದವನು, ಅಧಿಕಾರಿ ಪೂರ್ತಿ ಭೂತ.

ಸೊನ್ನೆನಂಬರ್ (ಸೋಮವಾರ, ರಾತ್ರಿ 9:41)

ಸಿಕ್ಕಿತಲ್ಲ. ಪುಡಿ ಎಲ್ಲ ತಳಕ್ಕೆ ಇಳಿದಿತ್ತು. ಮೇಲಿನ ತಿಳಿ ಪಿಶಾಚಿಗಳಿಗೆ ಹೋಯಿತು, ಅದರಲ್ಲಿ ಪುಡಿ ಕಡಿಮೆ, ಅದಕ್ಕೇ ಹೊಳಪು. ತಳದ ಗಸಿ ಪ್ರಷ್ಯನ್ನರಿಗೆ ಹೋಯಿತು. "ಚೆನ್ನಾಗಿ ಬಂದ" ಪಿಶಾಚಿಗಳಿಗೂ ವಾರ್ನಿಶ್ ಸರಿಯಾಗಿ ಆಗಿಲ್ಲ.

ನಾಳೆ ಮಾಡುವುದು: ಒಬ್ಬ ಸೈನಿಕನನ್ನು ಮಾತ್ರ ತೆಗೆದುಕೊಳ್ಳಿ, ಕೊನೆಯ ಸಾಲಿನವನೇ ಇರಲಿ. ಗ್ಲಾಸ್ (ಹೊಳಪಿನ) ವಾರ್ನಿಶ್ ತೆಳ್ಳಗೆ ಒಂದು ಕೋಟ್. ಹೌದು, ಹೊಳೆಯುವುದೇ. ನೀರು ಮಾಡಿದ ಕೆಲಸವನ್ನೇ ಅದು ಶಾಶ್ವತವಾಗಿ ಮಾಡುತ್ತದೆ. ತರಿಗಳು ತುಂಬಿ ನೀಲಿ ವಾಪಸ್ ಬರಬೇಕು. ರಾತ್ರಿಯಿಡೀ ಒಣಗಲಿ. ಸರಿ ಅನ್ನಿಸಿದರೆ ಉಳಿದವರಿಗೂ ಅದೇ. ಆಮೇಲೆ ಹೊಸ ಮ್ಯಾಟ್ ಬಾಟಲಿ ತೆಗೆದು, ಒಳಗೆ ಒಂದು ಸ್ಟೀಲ್ ಗುಂಡು ಹಾಕಿ, ತಳದಲ್ಲಿ ಏನೂ ಅಂಟಿಕೊಂಡಿಲ್ಲ ಅನ್ನುವವರೆಗೆ ಕುಲುಕಿ. ತೆಳ್ಳಗೆ ಹಚ್ಚಿ. ಮಡಿಕೆಯಲ್ಲಿ ನಿಂತರೆ ಒಣ ಕುಂಚದ ತುದಿಯಿಂದ ಹೀರಿ ತೆಗೆಯಿರಿ.

ಮಡಿಕೆಗಳಲ್ಲಿ ದಪ್ಪಗೆ ಕೂತ ಬಿಳಿ ಗ್ಲಾಸ್‌ಗೂ ಬಗ್ಗದೇ ಇರಬಹುದು. ಅಲ್ಲಿ ಕಡುನೀಲಿಯನ್ನು ನೀರಾಗಿ ಕಲಸಿ ಮತ್ತೆ ಎಳೆಯಬೇಕು.

ಹಳೇಸೀಸ (ಸೋಮವಾರ, ರಾತ್ರಿ 9:58)

ಇದನ್ನೇ ತಾನೇ ನಾನು ಬೆಳಿಗ್ಗೆ ಹೇಳಿದ್ದು? ಎಣ್ಣೆಯೂ ತರಿ ತುಂಬುತ್ತದೆ.

ಸೊನ್ನೆನಂಬರ್ (ಸೋಮವಾರ, ರಾತ್ರಿ 10:04)

ತುಂಬುತ್ತದೆ ಸರ್, ಒಪ್ಪಿದೆ. ಆದರೆ ಆಲಿವ್ ಎಣ್ಣೆ ಒಣಗುವ ಜಾತಿಯದಲ್ಲ. ಧೂಳು ಹಿಡಿಯುತ್ತದೆ, ಅದರ ಮೇಲೆ ಮತ್ತೆ ಬಣ್ಣವೋ ವಾರ್ನಿಶ್ಶೋ ಕೂರುವುದಿಲ್ಲ. ನೀರಿನ ವಾರ್ನಿಶ್ ಬೆವರಿನ ಹಾಗೆ ಹನಿಹನಿಯಾಗಿ ಸರಿದುಬಿಡುತ್ತದೆ. ಶೋಕೇಸಿನಲ್ಲಿ ಇಡುವ ಬೊಂಬೆಗೆ ನಿಮ್ಮ ಇಷ್ಟ. ಕೈಯಲ್ಲಿ ಹಿಡಿದು ಆಡುವ ಬೊಂಬೆಗೆ ಬೇಡ.

ಹಳೇಸೀಸ (ಸೋಮವಾರ, ರಾತ್ರಿ 10:10)

ನನ್ನವು ಶೋಕೇಸಿನವೇ. ಅದಕ್ಕೇ ಇಷ್ಟು ದಿನ ಬಾಳಿವೆ.

ಅರ್ಧಬಣ್ಣ (ಮಂಗಳವಾರ, ಬೆಳಿಗ್ಗೆ 6:50)

ಒಂದು ವಿಷಯ ನಿನ್ನೆ ಹೇಳಲಿಲ್ಲ, ಬೈತೀರ ಅಂತ. ಇಲ್ಲಿ ಬರೆಯುವ ಮೊದಲೇ ಮೂವರನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಉಜ್ಜಿದ್ದೆ. ಮಬ್ಬಿನ ಜೊತೆ ಬಣ್ಣವೂ ಬಂತು, ಪ್ರೈಮರೂ ಬಂತು. ಒಬ್ಬನ ಮೂಗಿನಲ್ಲಿ ಲೋಹ ಕಾಣುತ್ತಿದೆ.

ಸೊನ್ನೆನಂಬರ್ (ಮಂಗಳವಾರ, ಬೆಳಿಗ್ಗೆ 7:20)

ಬೈಯುವುದಿಲ್ಲ. ಅಕ್ರಿಲಿಕ್ ಬಣ್ಣ ಕೀಳುವುದಕ್ಕೇ ನಾವೆಲ್ಲ ಅದನ್ನು ಇಟ್ಟುಕೊಂಡಿರುವುದು. ಆ ಮೂವರನ್ನು ಬದಿಗಿಡಿ, 21 ಜನರನ್ನು ಉಳಿಸಿಕೊಳ್ಳಿ.

ಗಾಳಿಕುಂಚ (ಮಂಗಳವಾರ, ಬೆಳಿಗ್ಗೆ 8:00)

ಗ್ಲಾಸ್ ಹಚ್ಚುವಾಗ ಕಿಟಕಿ ಮುಚ್ಚಿ. ತೇವ.

ಅರ್ಧಬಣ್ಣ (ಗುರುವಾರ, ಸಂಜೆ 5:45)

ಮಂಗಳವಾರ ಡ್ರಮ್ಮರ್‌ಗೆ ಗ್ಲಾಸ್ ಹಚ್ಚಿ ನೋಡಿದೆ. ಕುಂಚ ಹೋದ ಕಡೆಯೆಲ್ಲ ನೀಲಿ ವಾಪಸ್ ಬರುತ್ತಿತ್ತು. ಕೂಗಿಯೇ ಬಿಟ್ಟೆ. ಬುಧವಾರ ಬೆಳಿಗ್ಗೆ ಉಳಿದವರಿಗೆ ಗ್ಲಾಸ್. ಇವತ್ತು ಬೆಳಿಗ್ಗೆ ಹೊಸ ಮ್ಯಾಟ್, ಕುಲುಕಿ ಕುಲುಕಿ ಕೈ ನೋವು. ಪಿಶಾಚಿಗಳಿಗೆ ಮ್ಯಾಟ್ ಹಾಕಲಿಲ್ಲ. ಒದ್ದೆಯಾಗಿಯೇ ಇರಲಿ, ನನಗೆ ಇಷ್ಟ.

ಬಾವುಟದವನ ಕಂಕುಳಲ್ಲಿ ಇನ್ನೂ ಒಂದು ಬಿಳಿ ಗೆರೆ ಉಳಿದಿದೆ. ಕಾಣದ ಹಾಗೆ ತಿರುಗಿಸಿ ಫೋಟೋ ತೆಗೆದೆ. 21 ಪ್ರಷ್ಯನ್ನರು, 6 ಪಿಶಾಚಿಗಳು, ಈಗಷ್ಟೇ ಸವಾಲಿಗೆ ಕಳಿಸಿದೆ. ಮೂವರು ಕಡಿಮೆ ಇರುವುದರಿಂದ ಅವರಷ್ಟು ಅಂಕ ಹೋಗುತ್ತದೆ, ಆದರೂ ತುಕಡಿ ಲೆಕ್ಕಕ್ಕೆ ಬರುತ್ತದೆ. ಸೊನ್ನೆನಂಬರ್ ಮೇಡಂ, ದೊಡ್ಡ ಥ್ಯಾಂಕ್ಸ್. ಆ ಮೂವರನ್ನು ಪೂರ್ತಿ ಬಣ್ಣ ಕೀಳಲು ಆಲ್ಕೋಹಾಲಿನಲ್ಲಿ ಮುಳುಗಿಸಿ ಇಟ್ಟಿದ್ದೇನೆ.

ಗುಂಡಿಲೆಕ್ಕ (ಗುರುವಾರ, ಸಂಜೆ 6:02)

ಹಾಗಾದರೆ ಆ ಮೂವರಿಗೆ ಹೇಗೂ ಹೊಸದಾಗಿ ಬಣ್ಣ ಹಾಕಬೇಕಲ್ಲ. ಕಾಲರ್ ಬಿಳಿ. ತೋಳಪಟ್ಟಿ ಬಿಳಿ. 2ನೇ ರೆಜಿಮೆಂಟಿಗೆ ಭುಜಪಟ್ಟಿಯೂ ಬಿಳಿ.

ಅರ್ಧಬಣ್ಣ (ಗುರುವಾರ, ಸಂಜೆ 6:10)

ಮೂವರಿಗೆ ಬಿಳಿ ಹಾಕಿದರೆ ಉಳಿದ 21 ಜನರನ್ನು ಏನು ಮಾಡಲಿ?

ಗುಂಡಿಲೆಕ್ಕ (ಗುರುವಾರ, ಸಂಜೆ 6:11)

ಆಲ್ಕೋಹಾಲ್ ಉಳಿದಿದೆಯಾ?