ಹೆಲ್ಸಿಂಕಿಯಲ್ಲಿ ಏಳು ಗಂಟೆ, ಕೈಗೆ ಸಿಗೋದು ಮೂರೂವರೆ

ಶೀನಿ ಡಿಸೆಂಬರ್ ಕೊನೆಗೆ ಸ್ಟಾಕ್‌ಹೋಮಿನ ಮಗಳ ಮನೆಗೆ ಹೊರಟಿದ್ದಾನೆ. ದಾರಿಯಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿಮಾನ ಬದಲಾಯಿಸಬೇಕು. ನಡುವೆ ಏಳು ಗಂಟೆ ಬಿಡುವು. ಗಾಂಧಿ ಬಜಾರಿನ ದರ್ಶಿನಿಯಲ್ಲಿ ಬೈಟು ಕಾಫಿ ಬರುವ ಮೊದಲೇ ಈ ವಿಷಯ ಮೇಜಿಗೆ ಬಿತ್ತು.

"ಏಳು ಗಂಟೇಲಿ ಹುಬ್ಬಳ್ಳಿ ಮುಟ್ಟಬಹುದು. ಊರು ಪೂರ್ತಿ ನೋಡ್ಕೊಂಡು ಬಾ," ಎಂದ ದಿನಸಿ ಅಂಗಡಿ ಗುಂಡ.

ಒಂದು ಜೂನ್ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿ ಅರ್ಧ ದಿನ ಇಳಿದಿದ್ದೆವು. ಹಾಗಾಗಿ ಈ ಮೇಜಿನ ಮಟ್ಟಿಗೆ ಹೆಲ್ಸಿಂಕಿ ಪಂಡಿತ ನಾನೇ.

"ಏಳು ಎಲ್ಲಿಂದ ಬಂತೋ?" ಎಂದೆ. "ಹನ್ನೊಂದಕ್ಕೆ ಇಳೀತೀಯ. ಪಾಸ್‌ಪೋರ್ಟ್ ತಪಾಸಣೆಗೆ ಒಂದು ಗಂಟೆ ಕಳಿ. ರೈಲಿಗೆ ಹೋಗೋಕೆ ಅರ್ಧ, ಬರೋಕೆ ಅರ್ಧ. ಆರಕ್ಕೆ ವಿಮಾನ ಅಂದ್ರೆ ನಾಲ್ಕೂವರೆಗೆ ವಾಪಸ್ ಬಂದಿರಬೇಕು. ಉಳಿಯೋದು ಮೂರೂವರೆ."

"ಸಂಬಳದ ಚೀಟಿ ಇದ್ದ ಹಾಗಾಯ್ತು," ಎಂದ ಗುಂಡ. "ಮೇಲೆ ಏಳು, ಕೈಗೆ ಮೂರೂವರೆ."

"ಅದೂ ಇವನಿಗೆ ಯುರೋಪಿನ ಬಹಳಷ್ಟು ದೇಶಕ್ಕೆ ನಡೆಯೋ ಷೆಂಗನ್ ವೀಸಾ ಇದೆ ಅಂತ. ಬರೀ ಲಂಡನ್ ವೀಸಾ ಇಟ್ಕೊಂಡು ಹೋದವರು ಗಾಜಿನ ಈಚೆ ಕೂತು ಹಿಮ ನೋಡೋದೇ."

ರೈಲಿನ ವಿಷಯಕ್ಕೆ ಶೀನಿಗೆ ದಿಗಿಲು. ವಿಮಾನ ನಿಲ್ದಾಣದ ಕೆಳಗೆ ಐ, ಪಿ ಅಂತ ಎರಡು ರೈಲು ಬರುತ್ತವಂತೆ, ಯಾವುದು ಹತ್ತೋದು? ಯಾವುದಾದರೂ ಹತ್ತು ಎಂದೆ. 2015ರಲ್ಲಿ ಹಾಕಿದ ವರ್ತುಲದ ಹಳಿ ಅದು. ಒಂದು ಬಲಕ್ಕೆ ಸುತ್ತಿಕೊಂಡು ಹೋದರೆ ಇನ್ನೊಂದು ಎಡಕ್ಕೆ. ಪ್ರದಕ್ಷಿಣೆ ಹಾಕಿದರೂ ಅಪ್ರದಕ್ಷಿಣೆ ಹಾಕಿದರೂ ಕೊನೆಗೆ ಸಿಗುವ ದೇವರು ಒಬ್ಬನೇ, ಸೆಂಟ್ರಲ್ ಸ್ಟೇಷನ್. ಅದರ ಬಾಗಿಲಿನ ಎರಡೂ ಕಡೆ ಇಬ್ಬಿಬ್ಬರಂತೆ ನಾಲ್ಕು ಗ್ರಾನೈಟ್ ಗಂಡಸರು ದುಂಡನೆಯ ದೀಪ ಹಿಡಿದು ನಿಂತಿದ್ದಾರೆ. ನನ್ನ ಹೆಂಡತಿ ನೋಡಿದವಳೇ "ಜಯ ವಿಜಯ, ಡಬಲ್ ಡ್ಯೂಟಿ" ಅಂದಿದ್ದಳು.

ಅಲ್ಲಿಯವರೆಗೆ ಸುಮ್ಮನಿದ್ದ ಭೂಗೋಳದ ಮೇಷ್ಟ್ರು ಕೆಮ್ಮಿದರು. ನಿವೃತ್ತರಾದರೂ ಗಂಟೆ ಹೊಡೆಯದೆ ಪಾಠ ಮುಗಿಸುವವರಲ್ಲ.

"ಡಿಸೆಂಬರ್ ಅಂದೆ ಅಲ್ವಾ? ಅಲ್ಲಿ ಆಗ ಸೂರ್ಯ ಏಳೋದು ಒಂಬತ್ತೂವರೆ ಹತ್ತಿರ. ಮೂರೂಕಾಲಿಗೆ ಮುಳುಗಿರ್ತಾನೆ."

"ಅಂದ್ರೆ ನಾನು ಊಟ ಮುಗಿಸಿ ಕೈ ತೊಳೆಯೋಷ್ಟರಲ್ಲಿ ಸಾಯಂಸಂಧ್ಯಾವಂದನೆ?"

"ನೀನು ಯಾವತ್ತು ಮಾಡಿದ್ದೀಯೋ?" ಎಂದರು ಮೇಷ್ಟ್ರು.

ನನ್ನ ಕಷ್ಟ ಇದರ ತಿರುವುಮುರುವು. ಜೂನಿನಲ್ಲಿ ಅಲ್ಲಿ ರಾತ್ರಿ ಹತ್ತೂ ಮುಕ್ಕಾಲಾದರೂ ಸೂರ್ಯ ಮನೆಗೆ ಹೋಗುವುದಿಲ್ಲ. ಸೆನೆಟ್ ಚೌಕದಲ್ಲಿ 1852ರಲ್ಲಿ ಕಟ್ಟಿ ಮುಗಿಸಿದ ಬಿಳಿ ಚರ್ಚ್ ಇದೆ. ಅದರ ಮೆಟ್ಟಿಲ ಮೇಲೆ ಕೂತು ನಾವು ಬನ್ ತಿನ್ನುತ್ತಿದ್ದೆವು. "ಟೈಮೆಷ್ಟು?" ಎಂದಳು. ಹಳ್ಳಿಯಲ್ಲಿ ಬೆಳೆದವನು ನೋಡಿ, ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡಿ "ಐದೂವರೆ, ಜಾಸ್ತಿ ಅಂದ್ರೆ" ಎಂದೆ. ಎಂಟೂ ನಲವತ್ತಾಗಿತ್ತು. ವಿಮಾನ ಹತ್ತೂ ಇಪ್ಪತ್ತಕ್ಕೆ. ಆಮೇಲೆ ಓಡಿದ ಓಟ ನನ್ನ ಮಂಡಿಗೆ ಇವತ್ತಿಗೂ ನೆನಪಿದೆ. ಈಗಲೂ ಮನೆಯಲ್ಲಿ ಟೈಮ್ ಕೇಳಿದರೆ "ಸೂರ್ಯನ್ನ ಕೇಳ್ರಿ" ಅನ್ನುತ್ತಾಳೆ.

"ಬನ್ ಹೇಗಿತ್ತು?" ಗುಂಡನಿಗೆ ಬೇಕಾದದ್ದು ಅದು.

"ಚಕ್ಕೆ, ಏಲಕ್ಕಿ ಹಾಕಿ ಸುರುಳಿ ಸುತ್ತಿರ್ತಾರೆ. ಕೊರ್ವಪೂಸ್ತಿ ಅಂತ. ಕಿವಿ ಮೇಲೆ ಬಾರಿಸೋದು ಅಂತ ಅರ್ಥ."

"ದುಡ್ಡು ಕೊಟ್ಟು ಕಪಾಳಮೋಕ್ಷ!"

"ಬೆಲೆ ಕೇಳಿದಾಗ ಹಾಗೇ ಅನ್ನಿಸುತ್ತೆ."

ಮೇಷ್ಟ್ರು ಸುವೊಮೆನ್‌ಲಿನ್ನಾ ಕೋಟೆಗೆ ಹೋಗಲೇಬೇಕು ಎಂದು ಹಟ ಹಿಡಿದರು. ಸ್ವೀಡನ್ನಿನವರು 1748ರಲ್ಲಿ ಕಟ್ಟಲು ಶುರುಮಾಡಿದ್ದು, ಯುನೆಸ್ಕೊ ಪಟ್ಟಿಯಲ್ಲಿದೆ, ಮಾರುಕಟ್ಟೆ ಚೌಕದಿಂದ ದೋಣಿಯಲ್ಲಿ ಕಾಲು ಗಂಟೆ, ರೈಲಿನ ಟಿಕೆಟ್ಟೇ ದೋಣಿಗೂ ನಡೆಯುತ್ತೆ. ಎಲ್ಲ ಸರಿ. ಆದರೆ ದ್ವೀಪದ ಮೇಲೆ ಡಿಸೆಂಬರಿನ ಗಾಳಿ, ಮಂಕಿ ಟೋಪಿ ಹಾಕಿದ ಶೀನಿ. ಬೇಡ.

ಹಾಗಾದರೆ ಸೌನಾ? ಬಂದರಿನ ಪಕ್ಕದಲ್ಲೇ ಇದೆ. ಕಾದ ಕಲ್ಲಿಗೆ ನೀರು ಎರಚಿ, ಆ ಹಬೆಯಲ್ಲಿ ಬೆಂದು, ಎದ್ದು ಹೋಗಿ ಸಮುದ್ರದ ನೀರಿಗೆ ಬೀಳುವುದು. 55 ಲಕ್ಷ ಜನರ ದೇಶದಲ್ಲಿ 30 ಲಕ್ಷ ಸೌನಾ ಇವೆಯಂತೆ.

"ಹಬೇಲಿ ಬೇಯಿಸಿ ತಣ್ಣೀರಿಗೆ ಹಾಕೋದು ಶಾವಿಗೆಗೆ," ಎಂದ ಶೀನಿ. "ನನಗಲ್ಲ."

ಕೊನೆಗೆ ನಾನು ಹೇಳಿದ್ದೇ ನಿಂತಿತು: 'ಓದಿ' ಅನ್ನೋ ಹೆಸರಿನ ಲೈಬ್ರರಿ. 2018ರ ಡಿಸೆಂಬರಿನಲ್ಲಿ ತೆರೆದದ್ದು, ದೇಶಕ್ಕೆ ನೂರು ವರ್ಷವಾದ ನೆಪದಲ್ಲಿ ಜನ ತಮಗೇ ಕೊಟ್ಟುಕೊಂಡ ಉಡುಗೊರೆ. ಸ್ಟೇಷನ್ನಿನಿಂದ ನಾಲ್ಕು ಹೆಜ್ಜೆ. ಒಳಗೆ ಬೆಚ್ಚಗೆ, ಪುಕ್ಕಟೆ, ಯಾರು ನೀನು ಅಂತ ಕೇಳುವವರಿಲ್ಲ. ಹೊಲಿಗೆ ಯಂತ್ರ ಕೂಡ ಇಟ್ಟಿದ್ದಾರೆ.

"ಲೈಬ್ರರೀಲಿ ಹೊಲಿಗೆ ಯಂತ್ರ?" ಮೇಷ್ಟ್ರಿಗೆ ನಂಬಿಕೆ ಬರಲಿಲ್ಲ. "ನಮ್ಮ ಸ್ಕೂಲಿನ ಲೈಬ್ರರೀಲಿ ಬೀಗ ಒಂದೇ ಇತ್ತು."

"ಶೀನಿ ಬ್ಯಾಗಿನ ಜಿಪ್ಪು ಯಾವಾಗಲೂ ಕಿತ್ತಿರುತ್ತೆ, ಅಲ್ಲೇ ಹಾಕಿಸ್ಕೊಂಡು ಬರಲಿ," ಎಂದ ಗುಂಡ.

ಅಲ್ಲಿಂದ ತಂದ ಸಲ್ಮಿಯಾಕ್ಕಿ ಪೊಟ್ಟಣ ಇನ್ನೂ ನನ್ನ ಚೀಲದಲ್ಲಿತ್ತು. ಕಪ್ಪು ಮಿಠಾಯಿ ಬಿಲ್ಲೆಗಳು. ಮನೆಯಲ್ಲಿ ಯಾರೂ ಮುಟ್ಟಿರಲಿಲ್ಲ. ಎಲ್ಲರಿಗೂ ಒಂದೊಂದು ಕೊಟ್ಟೆ. ಗುಂಡನ ಮುಖ ಮೊದಲು ಕಿವುಚಿತು, ಆಮೇಲೆ ಕಣ್ಣು ಅರಳಿತು.

"ಲೇ, ಇದು ನವಸಾಗರ ಕಣೋ! ನಮ್ಮ ಬೀದೀಲಿ ಕಲಾಯಿ ಹಾಕೋನು ಕಾದ ಪಾತ್ರೆಗೆ ಉದುರಿಸ್ತಿದ್ದನಲ್ಲ, ಅದೇ ಘಾಟು!"

ನಿಜ. ಅತಿಮಧುರದ ಜೊತೆ ನವಸಾಗರ ಸೇರಿಸಿ ಮಾಡುತ್ತಾರೆ. ಶೀನಿ ಉಗಿಯಲು ಜಾಗ ಹುಡುಕುತ್ತಿದ್ದ. ಮೇಷ್ಟ್ರು ಮಾತ್ರ ನಿಧಾನಕ್ಕೆ ಚೀಪುತ್ತಾ ಕೈ ಚಾಚಿದರು.

"ಇನ್ನೊಂದು ಕೊಡು. ಈ ಕಡೆ ಹಲ್ಲಿಗೂ ಕಲಾಯಿ ಆಗಲಿ."